ಗಳಿಗೆಯ ಆತಂಕ, ಸ್ವಭಾವದ ಆತಂಕ: ವ್ಯತ್ಯಾಸ ಅರಿಯೋಣ

ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಬಾಗಲೂರಿನಿಂದ ಕಟ್ಟಿಗೇನಹಳ್ಳಿ, ಕೋಗಿಲು, ಯಲಹಂಕದವರೆಗೆ ಎಸೆಸೆಲ್ಸಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಒಂದು ಬಗೆಯ ಬಿಗುವು ಆವರಿಸುತ್ತದೆ. ಮಗಳು ಊಟ ಬಿಡುತ್ತಾಳೆ, ಮಗ ರಾತ್ರಿಯೆಲ್ಲ ಹೊರಳಾಡುತ್ತಾನೆ. ಅದೇ ಮನೆಯ ಅಜ್ಜಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಲೇ ಅವರ ರಕ್ತದೊತ್ತಡ ಏರುತ್ತದೆ. ಇವರೆಲ್ಲರಿಗೂ ನೀಡಲು ನಮ್ಮಲ್ಲಿ ಸಿದ್ಧ ಉತ್ತರಗಳಿವೆ. ಒಬ್ಬರು ‘ನಜರ್ ತಾಗಿದೆ’ ಎನ್ನುತ್ತಾರೆ, ಇನ್ನೊಬ್ಬರು ‘ಈಮಾನ್ ದುರ್ಬಲವಾಗಿದೆ’ ಎನ್ನುತ್ತಾರೆ, ಮತ್ತೊಬ್ಬರು ‘ಇವಳು ಹುಟ್ಟಾ ಪುಕ್ಕಲು’ ಎಂದು ತೀರ್ಪು ನೀಡುತ್ತಾರೆ. ಭಯದಲ್ಲಿರುವವರನ್ನು ಕೂರಿಸಿಕೊಂಡು, ‘ಇದು ಈಗಿನದೋ, ಬಹಳ ಕಾಲದಿಂದ ಇರುವುದೋ?’ ಎಂದು ಕೇಳುವವರು ಮಾತ್ರ ವಿರಳ.

ಮನಶ್ಶಾಸ್ತ್ರವು ಮೊದಲು ಕೇಳುವುದು ಇದೇ ಪ್ರಶ್ನೆಯನ್ನು. ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪೀಲ್‌ಬರ್ಗರ್ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯೊಂದು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದಕ್ಕೆ ಎರಡು ಭಾಗಗಳಿವೆ. ಮೊದಲನೆಯದರ ಇಪ್ಪತ್ತು ಹೇಳಿಕೆಗಳು ‘ಈ ಕ್ಷಣದಲ್ಲಿ ನಿಮಗೆ ಹೇಗನಿಸುತ್ತಿದೆ?’ ಎಂಬುದನ್ನು ವಿಚಾರಿಸುತ್ತವೆ. ಎರಡನೆಯದರ ಇಪ್ಪತ್ತು ಹೇಳಿಕೆಗಳು ‘ಸಾಮಾನ್ಯವಾಗಿ ನೀವು ಹೇಗಿರುತ್ತೀರಿ?’ ಎಂಬುದನ್ನು ತಿಳಿಯಬಯಸುತ್ತವೆ. ಪ್ರತಿ ಹೇಳಿಕೆಗೆ ಒಂದರಿಂದ ನಾಲ್ಕು ಅಂಕಗಳು. ಹೀಗಾಗಿ ಪ್ರತಿ ಭಾಗದ ಮೊತ್ತ 20ರಿಂದ 80ರೊಳಗಿರುತ್ತದೆ. ಮೊದಲನೆಯದು ಅಳೆಯುವುದು ಗಳಿಗೆಯ ಆತಂಕವನ್ನು, ಎರಡನೆಯದು ಸ್ವಭಾವದ ಆತಂಕವನ್ನು. ಗಳಿಗೆಯದು ಸಂದರ್ಭದೊಂದಿಗೆ ಬಂದು ಸಂದರ್ಭದೊಂದಿಗೆ ಇಳಿಯುತ್ತದೆ. ಸ್ವಭಾವದ್ದು ಸುಲಭವಾಗಿ ಬದಲಾಗುವುದಿಲ್ಲ. ಇತರರು ಸಹಜವೆಂದು ದಾಟಿ ಹೋಗುವಲ್ಲಿಯೂ ಅದು ಅಪಾಯವನ್ನು ಕಾಣುತ್ತದೆ.

ಶಸ್ತ್ರಚಿಕಿತ್ಸೆಗೆ ಒಳಗಾಗುವ ರೋಗಿಗಳನ್ನು 1970ರ ದಶಕದಲ್ಲಿ ಇದೇ ಪ್ರಶ್ನಾವಳಿಯಿಂದ ಪರೀಕ್ಷಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಚಿಕಿತ್ಸೆಗೆ ಮುನ್ನ ಏರಿದ್ದ ಗಳಿಗೆಯ ಆತಂಕ ಚಿಕಿತ್ಸೆಯ ನಂತರ ಇಳಿದಿತ್ತು. ಸ್ವಭಾವದ ಆತಂಕದ ಅಂಕ ಮಾತ್ರ ಇದ್ದಲ್ಲಿಯೇ ಇತ್ತು. ಸ್ಪೀಲ್‌ಬರ್ಗರ್ ಇನ್ನೊಂದು ವಿಷಯವನ್ನೂ ಎತ್ತಿ ತೋರಿಸಿದರು. ಸ್ವಭಾವತಃ ಆತಂಕವುಳ್ಳವರು ಇತರರಿಗಿಂತ ಹೆಚ್ಚು ಕಂಗೆಡುವುದು ದೇಹಕ್ಕೆ ನೋವಾಗುವಲ್ಲಿ ಅಷ್ಟಾಗಿ ಅಲ್ಲ. ತಮ್ಮ ಯೋಗ್ಯತೆಯನ್ನು ಇತರರು ತೂಗಿ ನೋಡುವಲ್ಲಿ, ಸೋತು ಮಾನ ಕಳೆದುಕೊಳ್ಳುವ ಭೀತಿ ಇರುವಲ್ಲಿ.

ಈ ಮಾತನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ. ಚಿಕ್ಕಪ್ಪನ ಮಗನ ಅಂಕಪಟ್ಟಿಯನ್ನು ಊಟದ ಹೊತ್ತಿನಲ್ಲಿ ಪ್ರಸ್ತಾಪಿಸುವ ತಂದೆ, ‘ಫೇಲಾದರೆ ಮದುವೆ ಮಾಡಿ ಕಳುಹಿಸುತ್ತೇವೆ’ ಎಂದು ಗದರಿಸುವ ತಾಯಿ ತಾವು ಮಗುವನ್ನು ಹುರಿದುಂಬಿಸುತ್ತಿದ್ದೇವೆಂದು ಭಾವಿಸಿದ್ದಾರೆ. ವಾಸ್ತವದಲ್ಲಿ ಅವರು ಪರೀಕ್ಷೆಯನ್ನು ಮಾನದ ಪ್ರಶ್ನೆಯಾಗಿ ಮಾರ್ಪಡಿಸುತ್ತಿದ್ದಾರೆ. ಸ್ವಭಾವದ ಆತಂಕವಿರುವ ಮಗುವಿಗೆ ಇದಕ್ಕಿಂತ ದೊಡ್ಡ ಹೊಡೆತವಿಲ್ಲ. ಪರೀಕ್ಷಾ ಭಯದಲ್ಲಿ ಎರಡು ಅಂಶಗಳಿವೆ: ಎದೆಬಡಿತ, ಬೆವರುಗಳಂತಹ ದೇಹದ ಕಳವಳ ಒಂದು, ‘ಫೇಲಾದರೆ ಜನ ಏನೆನ್ನುತ್ತಾರೆ’ ಎಂಬ ಎಡೆಬಿಡದ ಯೋಚನೆ ಇನ್ನೊಂದು. ಅಂಕಗಳನ್ನು ಹೆಚ್ಚು ಕಸಿಯುವುದು ಈ ಎರಡನೆಯದೇ ಎಂದು ಸಂಶೋಧಕರು 1967ರಷ್ಟು ಹಿಂದೆಯೇ ಗುರುತಿಸಿದ್ದಾರೆ. ಆ ಯೋಚನೆಗೆ ದಿನನಿತ್ಯ ಇಂಧನ ಸುರಿಯುತ್ತಿರುವವರು ನಾವೇ ಅಲ್ಲವೇ?

ಭಯಪಡುವವರೆಲ್ಲರ ಈಮಾನನ್ನು ಶಂಕಿಸುವವರು ಕುರ್‌ಆನನ್ನು ಮತ್ತೊಮ್ಮೆ ತೆರೆದು ನೋಡಲಿ. ಜಾದೂಗಾರರ ಹಗ್ಗಗಳು ಹಾವಿನಂತೆ ಹರಿದಾಡಿದಾಗ ಮೂಸಾ(ಅ)ರ ಮನದೊಳಗೆ ಭಯ ಮೂಡಿತೆಂದು ಅದು ಮರೆಮಾಚದೆ ಹೇಳುತ್ತದೆ. ಫಿರ್‌ಔನನ ಆಸ್ಥಾನಕ್ಕೆ ಹೋಗುವ ಮುನ್ನ ಅವರು ಎದೆಯ ಬಿಗುವು ನೀಗಿಸುವಂತೆ ಪ್ರಾರ್ಥಿಸಿದರು. ಜೊತೆಗೆ ಸಹೋದರ ಹಾರೂನ್(ಅ)ರನ್ನು ನೆರವಿಗೆ ಬೇಡಿದರು. ಅಲ್ಲಾಹನು ಆ ಬೇಡಿಕೆಯನ್ನು ಈಡೇರಿಸಿದನು. ಪುತ್ರಶೋಕದಲ್ಲಿ ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವು. ಇವರ ಈಮಾನ್ ದುರ್ಬಲವಾಗಿತ್ತೆಂದು ಯಾರಾದರೂ ಹೇಳಬಲ್ಲರೇ? ಪ್ರಾರ್ಥನೆ ಮತ್ತು ಮನುಷ್ಯರ ನೆರವು, ಎರಡನ್ನೂ ಒಟ್ಟಿಗೆ ಬೇಡುವುದು ಪ್ರವಾದಿಗಳ ಮಾದರಿ. ಒಂಟೆಯನ್ನು ಕಟ್ಟಿಹಾಕಿದ ಬಳಿಕ ತವಕ್ಕುಲ್ ಎಂಬ ಪ್ರವಾದಿ(ಸ)ಯವರ ಬೋಧನೆಯೂ ಇದನ್ನೇ ಕಲಿಸುತ್ತದೆ.

ನಮ್ಮ ಪರಂಪರೆಯ ವೈದ್ಯರಿಗೂ ಇದು ಅಪರಿಚಿತವಾಗಿರಲಿಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಅವರು ದೇಹ ಮತ್ತು ಮನಸ್ಸುಗಳ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಚರ್ಚಿಸಿದರು. ಕೋಪ, ಭಯ, ದುಃಖ ಮತ್ತು ಪೀಡಿಸುವ ಯೋಚನೆಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿದರು. ಕಾಯಿಲೆಗೆಂದು ಔಷಧಿಯನ್ನು ಮೊದಲೇ ಕೂಡಿಡುವಂತೆ, ನೆಮ್ಮದಿಯ ದಿನಗಳಲ್ಲಿಯೇ ಮನಸ್ಸಿಗೆ ಧೈರ್ಯ ನೀಡುವ ವಿಚಾರಗಳನ್ನು ಸಂಗ್ರಹಿಸಿಕೊಳ್ಳಬೇಕೆಂಬುದು ಅವರ ಸಲಹೆ. ಅಂತಹ ಪರಂಪರೆಯ ವಾರಸುದಾರರು ಇಂದು ತಾಯಿತಕ್ಕೆ ನೂರಾರು ರೂಪಾಯಿ ತೆತ್ತು ವೈದ್ಯರ ಬಳಿಗೆ ಹೋಗಲು ನಾಚುತ್ತಿರುವುದು ವಿಷಾದನೀಯ.

ಇಲ್ಲಿ ರಾಜಕೀಯದ ಮಾತನ್ನೂ ಆಡಲೇಬೇಕು. 2022ರ ಫೆಬ್ರವರಿ 5ರಂದು ಸಮವಸ್ತ್ರದ ಕುರಿತು ಸರಕಾರಿ ಆದೇಶ ಹೊರಬಿತ್ತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಮಾರ್ಚ್ 28ರಂದು ಎಸೆಸೆಲ್ಸಿ ಪರೀಕ್ಷೆ ಆರಂಭವಾಯಿತು. ಶಿರವಸ್ತ್ರ ಮತ್ತು ಪರೀಕ್ಷೆಗಳ ನಡುವೆ ಒಂದನ್ನು ಆರಿಸಿಕೊಳ್ಳಲು ಹದಿನೈದು ಹದಿನಾರರ ಬಾಲಕಿಯರಿಗೆ ದೊರೆತದ್ದು ಹದಿಮೂರು ದಿನಗಳು. 2025ರ ಡಿಸೆಂಬರ್‌ನಲ್ಲಿ ಇದೇ ಯಲಹಂಕ ಭಾಗದ ಕೋಗಿಲಿನಲ್ಲಿ ಮನೆಗಳನ್ನು ನೆಲಸಮಗೊಳಿಸಲಾಯಿತು. ಬೀದಿಗೆ ಬಿದ್ದವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದರು. 2022ರ ಆದೇಶ ಹೊರಡಿಸಿದ್ದು ಒಂದು ಪಕ್ಷದ ಸರಕಾರ, ಕೋಗಿಲಿನ ಮನೆಗಳು ಉರುಳಿದ್ದು ಇನ್ನೊಂದು ಪಕ್ಷದ ಆಡಳಿತದಲ್ಲಿ. ಇಂತಹ ಮಕ್ಕಳ ಕಂಪನವನ್ನು ಕಂಡು ‘ಈ ಸಮುದಾಯದ ಮಕ್ಕಳೇ ಹೀಗೆ, ಹಿಂಜರಿಯುವ ಸ್ವಭಾವ’ ಎನ್ನುವ ಅಧಿಕಾರಿ ಅಥವಾ ಶಿಕ್ಷಕ, ಗಳಿಗೆಯನ್ನು ಸ್ವಭಾವವೆಂದು ಬರೆದುಕೊಳ್ಳುತ್ತಿದ್ದಾನೆ. ಸಂದರ್ಭವು ಹುಟ್ಟಿಸಿದ ಭಯಕ್ಕೆ ಮೊದಲ ಮದ್ದು ಆ ಸಂದರ್ಭವನ್ನು ಸರಿಪಡಿಸುವುದು. ಸೂರು ಕಳೆದುಕೊಂಡ ಮಗುವಿಗೆ ಸೂರನ್ನೇ ಕೊಡಬೇಕು; ಆಪ್ತಸಮಾಲೋಚನೆಯ ಮಾತು ಅದರ ನಂತರ.

ಆದರೆ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ಅದು ಇನ್ನೊಂದು ತಪ್ಪು. ಪರೀಕ್ಷೆ ಮುಗಿದು ತಿಂಗಳುಗಳಾದರೂ ನಿದ್ರೆ ಬಾರದ, ಜನರ ನಡುವೆ ಬೆರೆಯಲಾರದ, ಕಾರಣವಿಲ್ಲದೆ ಕೆಡುಕನ್ನೇ ನಿರೀಕ್ಷಿಸುವ ಮಗುವನ್ನು ‘ವಯಸ್ಸಿಗೆ ಸಹಜ, ಸರಿಹೋಗುತ್ತದೆ’ ಎಂದು ಬಿಟ್ಟುಬಿಡುವವರೂ ನಾವೇ. ಸ್ವಭಾವದ ಆತಂಕ ತಾನೇ ಒಂದು ರೋಗವಲ್ಲ. ಆದರೆ ಅದು ಬದುಕನ್ನು ಕಟ್ಟಿಹಾಕತೊಡಗಿದಾಗ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿತ್ತು. ಅಂತಹವರಲ್ಲಿ, ಸಮಸ್ಯೆಯ ಬಗೆಗೆ ತಕ್ಕಂತೆ, ಶೇ. 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ದೂರವೇ ಉಳಿದಿದ್ದರು. ಬಾಗಲೂರಿನ ಬಡ ಕುಟುಂಬಕ್ಕೆ ಹೊಸೂರು ರಸ್ತೆಯ ನಿಮ್ಹಾನ್ಸ್ ನಗರದ ಇನ್ನೊಂದು ತುದಿಯಲ್ಲಿದೆ, ನಿಜ. ಆದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಸರಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ.

ಮಸೀದಿಯ ಸೂಚನಾ ಫಲಕದಲ್ಲಿ ನಮಾಝಿನ ವೇಳೆಯ ಪಕ್ಕದಲ್ಲಿ ಆ ಸಂಖ್ಯೆಯನ್ನು ಬರೆಯಲು ಯಾವ ಜಮಾಅತ್‌ಗೂ ಖರ್ಚಿಲ್ಲ. ಪರೀಕ್ಷೆಗೆ ಮುಂಚಿನ ಒಂದು ಜುಮಾ ಖುತ್ಬಾವನ್ನು ಖತೀಬರು ಹೆತ್ತವರಿಗಾಗಿ ಮೀಸಲಿಡಲಿ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶವಿದೆ, ಒಂದು ಸೋಲಿನಿಂದ ವರ್ಷ ಹಾಳಾಗಬೇಕಿಲ್ಲ ಎಂಬ ಸರಳ ಮಾಹಿತಿಯೇ ಎಷ್ಟೋ ಮಕ್ಕಳ ಭಾರ ಇಳಿಸೀತು. ರೋಗಿಯ ಸಂದರ್ಶನ ನಮಗೆ ಸುನ್ನತ್. ಹಾಸಿಗೆಯ ಸುತ್ತ ಕುಳಿತು ಸತ್ತವರ ಕಥೆ ಹೇಳುವ ಬದಲು ಸ್ವಲ್ಪ ಹೊತ್ತಿದ್ದು, ದುಆ ಮಾಡಿ, ಭರವಸೆಯ ಮಾತಾಡಿ ಎದ್ದು ಬರುವುದು ಅದರ ಶಿಷ್ಟಾಚಾರ. ಯಾವ ಚಿಕಿತ್ಸೆ, ಎಷ್ಟು ಹೊತ್ತು, ಎಷ್ಟು ನೋವು ಎಂಬುದು ಮುಂಚಿತವಾಗಿ ತಿಳಿದರೆ ರೋಗಿಯ ಕಳವಳ ತಗ್ಗುತ್ತದೆ. ವೈದ್ಯರ ಮಾತನ್ನು ಮನೆಮಾತಾದ ದಕ್ಖನಿಯಲ್ಲಿ ವಿವರಿಸಿ ಹೇಳಬಲ್ಲ ವಿದ್ಯಾವಂತ ಯುವಕ ಯುವತಿಯರು ಪ್ರತಿ ಮೊಹಲ್ಲಾದಲ್ಲಿಯೂ ಇದ್ದಾರೆ. ಅವರನ್ನು ಗುರುತಿಸಿ ಆಸ್ಪತ್ರೆಗೆ ಜೊತೆಗೆ ಕಳುಹಿಸುವ ಹೊಣೆಯನ್ನು ಜಮಾಅತ್‌ಗಳು ವಹಿಸಿಕೊಳ್ಳಲಿ.

ಮೂಸಾ(ಅ)ರಿಗೆ ಹಾರೂನ್(ಅ) ಜೊತೆಯಾದರು. ನಮ್ಮ ಮಕ್ಕಳು ಪರೀಕ್ಷಾ ಕೇಂದ್ರಕ್ಕೆ ಹೊರಟಾಗ, ನಮ್ಮ ಹಿರಿಯರು ಶಸ್ತ್ರಚಿಕಿತ್ಸೆಗೆ ಒಳಹೋಗುವಾಗ ಅವರಿಗೆ ಹಾರೂನರಾಗುವವರು ಯಾರು? ಈ ಪ್ರಶ್ನೆಗೆ ಪ್ರತಿ ಮನೆಯೂ ಉತ್ತರಿಸಬೇಕಾಗಿದೆ.