ಅಂಕಿತ ಅಳಿಸಿದ ಆಟ

2008ರ ಏಪ್ರಿಲ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ 'ಒಕಾಮಿ' ಎಂಬ ಜಪಾನಿ ವಿಡಿಯೋ ಗೇಮ್ ಎರಡನೇ ಸಲ ಬಂತು. ಎರಡು ವರ್ಷ ಹಿಂದೆ ಪ್ಲೇಸ್ಟೇಷನ್ 2 ಯಂತ್ರಕ್ಕೆ ಬಂದಿದ್ದ ಆಟವನ್ನೇ ನಿಂಟೆಂಡೊದ ವೀ ಯಂತ್ರಕ್ಕೆ ಹೊಂದಿಸಿ ಕ್ಯಾಪ್‌ಕಾಮ್ ಕಂಪನಿ ಮತ್ತೆ ಮಾರುಕಟ್ಟೆಗೆ ಬಿಟ್ಟಿತ್ತು. ಹತ್ತಾರು ಗಂಟೆ ಆಡಿ ಕೊನೆ ಮುಟ್ಟಿದವರಿಗೆ ಏನೋ ಕಳೆದುಹೋದಂತೆ ಕಂಡಿತು. ಮೂಲ ಆಟದ ಕೊನೆಯಲ್ಲಿ, ಅದನ್ನು ಮಾಡಿದವರ ಹೆಸರುಗಳು ಒಂದೊಂದಾಗಿ ಸಾಗಿಹೋಗುವ ಭಾಗವಿತ್ತು. ಈ ಆವೃತ್ತಿಯಲ್ಲಿ ಅದು ಇರಲೇ ಇಲ್ಲ. ಕೇಳಿದಾಗ ಕ್ಯಾಪ್‌ಕಾಮ್ ಕೊಟ್ಟ ವಿವರಣೆ ಹೀಗಿತ್ತು: ಆ ಭಾಗದಲ್ಲಿ ಕ್ಲೋವರ್ ಸ್ಟುಡಿಯೋದ ಲಾಂಛನವಿದೆ, ಅದನ್ನು ಬಳಸುವ ಹಕ್ಕು ನಮಗಿಲ್ಲ, ಲಾಂಛನವನ್ನಷ್ಟೇ ತೆಗೆಯೋಣವೆಂದರೆ ಮೂಲ ಕಡತ ನಮ್ಮ ಬಳಿ ಇಲ್ಲ, ಹಾಗಾಗಿ ಇಡೀ ಭಾಗವನ್ನೇ ಕತ್ತರಿಸಿದೆವು.

ಕ್ಲೋವರ್ ಸ್ಟುಡಿಯೋವನ್ನು ಹುಟ್ಟಿಸಿದ್ದು ಕ್ಯಾಪ್‌ಕಾಮ್. ಮುಚ್ಚಿದ್ದೂ ಕ್ಯಾಪ್‌ಕಾಮ್. ಆಟವನ್ನು ಮಾರುವ ಹಕ್ಕು ಇತ್ತು, ಮಾಡಿದವರ ಹೆಸರು ತೋರಿಸುವ ಹಕ್ಕು ಇರಲಿಲ್ಲವಂತೆ! ಇದೇ ಆವೃತ್ತಿಯ ಮುಖಪುಟದಲ್ಲಿ ಇನ್ನೊಂದು ತಮಾಷೆ ನಡೆದಿತ್ತು. ಅಲ್ಲಿ ಮುದ್ರಿಸಿದ ಚಿತ್ರದ ಮೇಲೆ ಐಜಿಎನ್ ಎಂಬ ಗೇಮ್ ಸುದ್ದಿತಾಣದ ಗುರುತು ಮಸುಕಾಗಿ ಉಳಿದುಕೊಂಡಿತ್ತು. ಯಾರೋ ಅಲ್ಲಿಂದ ಚಿತ್ರ ಇಳಿಸಿಕೊಂಡು ಹಾಗೆಯೇ ಅಚ್ಚಿಗೆ ಕಳಿಸಿದ್ದರು. ವಿಮರ್ಶೆ ಬರೆದ ತಾಣದ ಗುರುತು ಹೊರಗೆ ಉಳಿಯಿತು, ಆಟ ಕಟ್ಟಿದವರ ಹೆಸರು ಒಳಗೆ ಅಳಿಯಿತು. ಮುಖಪುಟಕ್ಕೆ ಕ್ಯಾಪ್‌ಕಾಮ್ ಬದಲಿ ಹಾಳೆ ಒದಗಿಸಿತು.

ವಚನ ಓದುವ ನಮಗೆ ಅಂಕಿತ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಕಿತ ಬಿದ್ದುಹೋದ ವಚನ ಯಾರ ಬಾಯಿಗಾದರೂ ಸಿಗಬಹುದು, ಯಾರ ಹೆಸರಿಗಾದರೂ ಅಂಟಬಹುದು. ವಿಡಿಯೋ ಗೇಮ್‌ಗಳನ್ನು ಕಲೆ ಎಂದು ಒಪ್ಪಿಕೊಳ್ಳಿ ಎಂದು ವಾದಿಸುವ ಗೆಳೆಯರು ಈಗ ನಮ್ಮಲ್ಲೂ ಸಾಕಷ್ಟಿದ್ದಾರೆ. ನನಗೆ ಆ ವಾದದಲ್ಲಿ ಅನುಮಾನವಿಲ್ಲ. ನನ್ನ ತಕರಾರು ಬೇರೆ. ಕಲೆ ಎಂದು ಒಪ್ಪಿದ ಮೇಲೆ ಕಲಾವಿದರ ಹಕ್ಕಿನ ಪ್ರಶ್ನೆಯನ್ನೂ ಎತ್ತಬೇಕಲ್ಲ? 'ಸ್ವತಂತ್ರ ಸ್ಟುಡಿಯೋ' ಎಂಬ ಮಾತನ್ನು ನಾವು ಗೌರವದಿಂದ ಹೇಳುತ್ತೇವೆ. ತಾನು ಮಾಡಿದ್ದು ತನ್ನದಾಗದ ಸ್ಟುಡಿಯೋ ಯಾವ ಅರ್ಥದಲ್ಲಿ ಸ್ವತಂತ್ರ? ಒಕಾಮಿಯನ್ನು ಮಾಡಿದವರ ಮುಂದಿನ ಕತೆಯೇ ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ.

ಕ್ಲೋವರ್ ಶುರುವಾದದ್ದು 2004ರಲ್ಲಿ, ಒಸಾಕಾ ನಗರದಲ್ಲಿ. ಕ್ಯಾಪ್‌ಕಾಮ್‌ನೊಳಗಿನ ಪ್ರತಿಭಾವಂತರಿಗೆ ಹೊಸದೇನಾದರೂ ಮಾಡಲು ಬಿಡುವ ಅಂಗಸಂಸ್ಥೆ ಅದು. ಮುಖ್ಯಸ್ಥ ಅತ್ಸುಶಿ ಇನಾಬಾ. ಜೊತೆಗೆ 'ರೆಸಿಡೆಂಟ್ ಈವಿಲ್' ಸರಣಿಯನ್ನು 1996ರಲ್ಲಿ ಹುಟ್ಟುಹಾಕಿದ ಶಿಂಜಿ ಮಿಕಾಮಿ, 'ಡೆವಿಲ್ ಮೇ ಕ್ರೈ' ನಿರ್ದೇಶಿಸಿದ ಹಿದೆಕಿ ಕಮಿಯಾ. ಕಮಿಯಾ ಇಲ್ಲಿ ನಿರ್ದೇಶಿಸಿದ್ದೇ ಒಕಾಮಿ. ಸೂರ್ಯದೇವತೆ ಅಮತೆರಾಸು ಬಿಳಿ ತೋಳದ ರೂಪದಲ್ಲಿ ಬಂದು ಬಾಡಿದ ಲೋಕಕ್ಕೆ ಮತ್ತೆ ಜೀವ ತುಂಬುವ ಕತೆ. ಹೆಸರಿನಲ್ಲೇ ಶ್ಲೇಷೆಯಿದೆ: ಜಪಾನಿಯಲ್ಲಿ 'ಒಕಾಮಿ' ಎಂದರೆ ತೋಳ, ಬೇರೆ ಲಿಪಿಚಿಹ್ನೆಗಳಲ್ಲಿ ಬರೆದರೆ ಮಹಾದೇವತೆ. ಇಡೀ ಆಟ ಶಾಯಿ-ಕುಂಚದ ಚಿತ್ರದಂತಿದೆ. ಆಡುವವರು ಆಟವನ್ನು ನಡುವೆ ನಿಲ್ಲಿಸಿ ಪರದೆಯ ಮೇಲೆ ಕುಂಚದಿಂದ ವೃತ್ತ ಎಳೆದರೆ ಸೂರ್ಯ ಮೂಡುತ್ತಾನೆ, ಒಣಗಿದ ಮರಕ್ಕೆ ಸುತ್ತು ಹಾಕಿದರೆ ಹೂ ಬಿಡುತ್ತದೆ. ಚಿತ್ರ ಬರೆಯುವುದೇ ಲೋಕವನ್ನು ಬದಲಿಸುವ ಕ್ರಿಯೆ ಎಂಬುದನ್ನು ಭಾಷಣವಿಲ್ಲದೆ ಕೈಗೆ ಕಲಿಸುವ ಆಟ ಅದು.

ಐಜಿಎನ್ ಅದನ್ನು 2006ರ ಅತ್ಯುತ್ತಮ ಆಟವೆಂದು ಆರಿಸಿತು. ಮಾರಾಟ ಮಾತ್ರ ಕಂಪನಿಯ ಲೆಕ್ಕಕ್ಕೆ ಸಾಲಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಲೋವರನ್ನು ಮುಚ್ಚುವುದಾಗಿ ಕ್ಯಾಪ್‌ಕಾಮ್ ಘೋಷಿಸಿತು. ಹೊರಬಿದ್ದವರು ಸೀಡ್ಸ್ ಎಂಬ ಪುಟ್ಟ ಸಂಸ್ಥೆ ಕಟ್ಟಿಕೊಂಡರು. ಕ್ಯಾಪ್‌ಕಾಮ್ ಬಿಟ್ಟು ಬಂದಿದ್ದ ತತ್ಸುಯಾ ಮಿನಾಮಿಯವರ ಒಡಿಡಿ ಎಂಬ ಇನ್ನೊಂದು ಸಂಸ್ಥೆಯ ಜೊತೆ ಸೇರಿ 2007ರ ಅಕ್ಟೋಬರ್‌ನಲ್ಲಿ ಅದು ಪ್ಲಾಟಿನಂ ಗೇಮ್ಸ್ ಆಯಿತು. ದೊಡ್ಡ ಕಂಪನಿಯ ನೆರಳಿಲ್ಲದೆ ನಮ್ಮದೇ ಆಟ ಮಾಡುತ್ತೇವೆ ಎಂದು ಹೊರಟವರು ಇವರು. ಅವರು ತಮ್ಮದೆಂದು ಕಾಪಾಡಿಕೊಂಡದ್ದು ಏನೆಂದು ಒಂದೊಂದಾಗಿ ನೋಡೋಣ.

2008ರ ಮೇ ತಿಂಗಳಲ್ಲಿ ಸೆಗಾ ಕಂಪನಿಯ ಜೊತೆ ಹಲವು ಆಟಗಳ ಒಪ್ಪಂದವಾಯಿತು. 'ಮ್ಯಾಡ್‌ವರ್ಲ್ಡ್', 'ಬಯೊನೆಟಾ', 'ವ್ಯಾಂಕ್ವಿಶ್' ಬಂದದ್ದು ಹೀಗೆ. 2009ರಲ್ಲಿ ಬಂದ ಬಯೊನೆಟಾ ಕಮಿಯಾ ಅವರ ಕಲ್ಪನೆಯ ಮಾಟಗಾತಿ. ಹಕ್ಕು ಸೆಗಾದ್ದು. ಎರಡನೇ ಭಾಗಕ್ಕೆ ಸೆಗಾ ಹಿಂದೆ ಸರಿದಾಗ ನಿಂಟೆಂಡೊ ಹಣ ಹಾಕಿ 2014ರಲ್ಲಿ ಅದನ್ನು ತನ್ನ ವೀ ಯು ಯಂತ್ರಕ್ಕೆ ಮಾತ್ರ ತಂದಿತು. ಬೇರೆ ಯಂತ್ರಗಳಲ್ಲಿ ಏಕಿಲ್ಲ ಎಂದು ಅಭಿಮಾನಿಗಳು ಬೈದದ್ದು ಕಮಿಯಾ ಅವರನ್ನು. ತನ್ನದಲ್ಲದ ಪಾತ್ರಕ್ಕೆ, ತನ್ನದಲ್ಲದ ಹಣದಲ್ಲಿ ಮರುಜೀವ ಕೊಟ್ಟವರು ಬೈಗುಳ ತಿಂದರು. 'ಮೆಟಲ್ ಗೇರ್ ರೈಸಿಂಗ್' ಕೊನಾಮಿಯದು. 'ನಿಯರ್: ಆಟೊಮಾಟಾ' ಸ್ಕ್ವೇರ್ ಎನಿಕ್ಸ್‌ನದು. ಯೊಕೊ ತಾರೊ ನಿರ್ದೇಶನದ ಈ ಆಟ 2017ರಲ್ಲಿ ಬಂದು ದಶಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಯಂತ್ರಮಾನವರ ಸಾವು-ಬದುಕಿನ ಬಗ್ಗೆ ಅದು ಕೇಳಿದ ಪ್ರಶ್ನೆಗಳ ಮೇಲೆ ಇಂದಿಗೂ ಲೇಖನ ಬರುತ್ತಿವೆ. ಆ ಲೋಕ ಮೊದಲೇ ಪ್ರಕಾಶಕರದಾಗಿತ್ತು, ಸರಿ. ಆದರೆ ಅದರ ಹೊಡೆದಾಟದ ಲಯ, ಓಟದ ಸೊಗಸು ಪ್ಲಾಟಿನಂ ಕೈಯವು.

ಇನ್ನು ಆಕ್ಟಿವಿಷನ್‌ಗಾಗಿ ಮಾಡಿಕೊಟ್ಟ ಮೂರು ಆಟಗಳಿವೆ: 'ಲೆಜೆಂಡ್ ಆಫ್ ಕೊರಾ', 'ಟ್ರಾನ್ಸ್‌ಫಾರ್ಮರ್ಸ್: ಡೆವಾಸ್ಟೇಷನ್', ನಿಂಜಾ ಆಮೆಗಳ ಆಟ. ಮೂರೂ ಪರವಾನಗಿ ಪಡೆದ ಬೇರೆಯವರ ಪಾತ್ರಗಳು. 2017ರಲ್ಲಿ ಮೂರೂ ಆನ್‌ಲೈನ್ ಅಂಗಡಿಗಳಿಂದ ಮಾಯವಾದವು. ಇಂದು ಹೊಸಬರೊಬ್ಬರು ಡೆವಾಸ್ಟೇಷನ್ ಆಡಬೇಕೆಂದರೆ ಹಳೆಯ ಡಿಸ್ಕ್ ಹುಡುಕಿಕೊಂಡು ಅಲೆಯಬೇಕು. ಪ್ರತಿ ಮುಗಿದ ಪುಸ್ತಕ ನಮಗೂ ಗೊತ್ತು. ಆದರೆ ಅಲ್ಲಿ ಲೇಖಕರೋ ಅವರ ಮಕ್ಕಳೋ ಮನಸ್ಸು ಮಾಡಿದರೆ ಮರುಮುದ್ರಣಕ್ಕೆ ದಾರಿಯಿದೆ. ಇಲ್ಲಿ ಕೃತಿ ಮಾಡಿದವರಿಗೆ ಕೇಳುವ ಅಧಿಕಾರವೂ ಇಲ್ಲ.

ಅತಿ ಕೆಟ್ಟದ್ದು 'ಸ್ಕೇಲ್‌ಬೌಂಡ್' ಪಾಡು. ಮೈಕ್ರೋಸಾಫ್ಟ್ 2014ರಲ್ಲಿ ಘೋಷಿಸಿದ ಈ ಡ್ರ್ಯಾಗನ್ ಆಟಕ್ಕೂ ಕಮಿಯಾ ನಿರ್ದೇಶಕರು. 2017ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ವರ್ಷಗಟ್ಟಲೆ ದುಡಿದ ಕೆಲಸ ಮಾಡಿದವರ ಕೈಗೂ ಇಲ್ಲ, ಆಡುವವರ ಕೈಗೂ ಇಲ್ಲ. 2022ರಲ್ಲಿ ಕಮಿಯಾ ಮತ್ತು ಇನಾಬಾ ಸಂದರ್ಶನವೊಂದರಲ್ಲಿ, ಅವಕಾಶ ಕೊಟ್ಟರೆ ಅದನ್ನು ಮುಂದುವರಿಸುವ ಆಸೆಯಿದೆ ಎಂದರು. ತಾವು ಅರ್ಧ ಬರೆದ ಕಾದಂಬರಿಯನ್ನು ಮುಗಿಸಲು ಕಾದಂಬರಿಕಾರರು ಬೇರೆಯವರ ಅನುಮತಿ ಬೇಡುವುದನ್ನು ಊಹಿಸಿಕೊಳ್ಳಿ.

ಇಷ್ಟು ಹೇಳಿದ ಕೂಡಲೇ ಬರುವ ಪ್ರಶ್ನೆ ನನಗೆ ಗೊತ್ತು. ವಿದ್ಯಾರ್ಥಿಗಳ ಜೊತೆ ಮಾತಾಡುವಾಗ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ: "ದುಡ್ಡು ಹಾಕಿದವರದೇ ಅಲ್ವಾ ಸರ್ ಆಟ? ನಷ್ಟ ಆದ್ರೆ ಕಂಪನಿಗೆ ತಾನೆ?" ನ್ಯಾಯವಾದ ಪ್ರಶ್ನೆ. ದೊಡ್ಡ ಆಟಕ್ಕೆ ನೂರಾರು ಜನರ ವರ್ಷಗಟ್ಟಲೆ ಸಂಬಳ ಬೇಕು. ಆ ಹಣ ಹಾಕಿದವರಿಗೆ ಲಾಭ ಸಲ್ಲಬೇಕು, ಮೊದಲು ಅವರಿಗೇ ಸಲ್ಲಲಿ. ಲಾಭ ಪಡೆಯುವುದು ಬೇರೆ, ಕೃತಿಯೇ ಎಂದೆಂದಿಗೂ ತನ್ನದೆನ್ನುವುದು ಬೇರೆ. ಅರಿಕೇಸರಿ ಪಂಪನನ್ನು ಸಾಕಿದ, ಧರ್ಮಪುರವನ್ನು ಅಗ್ರಹಾರವಾಗಿ ಕೊಟ್ಟ. ಕಾವ್ಯದಲ್ಲಿ ಅರ್ಜುನನ ಜಾಗದಲ್ಲಿ ಅವನೇ ಮಿಂಚುತ್ತಾನೆ. ಆಶ್ರಯದಾತನಿಗೆ ಇದಕ್ಕಿಂತ ಹೆಚ್ಚಿನ ಪ್ರತಿಫಲ ಬೇಕೆ? ಆದರೂ ನಾವದನ್ನು ಪಂಪಭಾರತ ಎನ್ನುತ್ತೇವೆ. ಇನ್ನೊಂದು ಕಡೆ 'ಕವಿರಾಜಮಾರ್ಗ' ನೋಡಿ. ಬರೆದದ್ದು ದೊರೆ ನೃಪತುಂಗನೋ ಅವನ ಆಸ್ಥಾನದ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ತಲೆಮಾರುಗಳ ಕಾಲ ವಾದಿಸಿದ್ದಾರೆ. ಪೋಷಕನ ಹೆಸರು ಕೃತಿಕಾರನ ಹೆಸರನ್ನು ಮುಚ್ಚಿದರೆ ಸಾವಿರ ವರ್ಷವಾದರೂ ಗೊಂದಲ ಬಗೆಹರಿಯುವುದಿಲ್ಲ ಎಂದು ಕನ್ನಡಿಗರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಜಪಾನಿನಲ್ಲಿ ಈ ಮರೆವಿಗೆ ಕಾನೂನಿನ ಬೆಂಬಲವೂ ಇದೆ. ಅಲ್ಲಿನ ಹಕ್ಕುಸ್ವಾಮ್ಯ ಕಾಯ್ದೆಯ 15ನೇ ವಿಧಿಯಂತೆ, ಬೇರೆ ಕರಾರು ಇಲ್ಲದಿದ್ದರೆ, ನೌಕರರು ಕೆಲಸದ ಭಾಗವಾಗಿ ಮಾಡಿ ಕಂಪನಿಯ ಹೆಸರಲ್ಲಿ ಹೊರಬಂದ ಕೃತಿಗೆ ಕಂಪನಿಯೇ ಕರ್ತೃ. ಗಮನಿಸಿ, ಒಡೆಯ ಎಂದಷ್ಟೇ ಅಲ್ಲ, ಕರ್ತೃ. ಒಂದು ಕಾಲಕ್ಕೆ ಅಲ್ಲಿನ ಎಷ್ಟೋ ಆಟಗಳ ಕೊನೆಯಲ್ಲಿ ನಿಜವಾದ ಹೆಸರುಗಳ ಬದಲು ಅಡ್ಡಹೆಸರುಗಳೇ ಬರುತ್ತಿದ್ದವು. ಒಳ್ಳೆಯ ಕೆಲಸಗಾರರನ್ನು ಎದುರಾಳಿ ಕಂಪನಿ ಎಳೆದುಕೊಂಡೀತೆಂಬ ಭಯ. ವೀ ಆವೃತ್ತಿಯ ಕತ್ತರಿ ಆಕಸ್ಮಿಕ ಎನ್ನುವವರು ಈ ಹಿನ್ನೆಲೆಯನ್ನೂ ನೆನಪಿಡಬೇಕು.

ಬೇರೆ ದಾರಿ ಇರಲೇ ಇಲ್ಲವೆಂದಲ್ಲ. ಗೇಮ್ ಫ್ರೀಕ್ ಕತೆ ನೋಡಿ. 1983ರಲ್ಲಿ ಸತೋಶಿ ತಾಜಿರಿ ಎಂಬ ತರುಣ ಕೈಬರಹದಲ್ಲಿ ಹೊರತರುತ್ತಿದ್ದ, ಆಟಗಳ ಬಗ್ಗೆ ಬರೆಯುವ ಕಿರುಪತ್ರಿಕೆಯ ಹೆಸರದು. ಅದರ ಚಿತ್ರಗಾರ ಕೆನ್ ಸುಗಿಮೊರಿ. ಇತರರ ಆಟಗಳ ಬಗ್ಗೆ ಬರೆದು ಬರೆದು, ನಾವೇ ಏಕೆ ಮಾಡಬಾರದೆಂದು 1989ರಲ್ಲಿ ಕಂಪನಿ ಕಟ್ಟಿದರು. ಸಂಬಳಕ್ಕೂ ಪರದಾಡಿ, ಆರು ವರ್ಷ ಹೆಣಗಿ 1996ರಲ್ಲಿ 'ಪೊಕೆಮಾನ್' ತಂದರು. ಪ್ರಕಟಿಸಿದ್ದು ದೈತ್ಯ ನಿಂಟೆಂಡೊ. ಆದರೂ ಯಾವ ಪೊಕೆಮಾನ್ ಆಟದ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರೂ ಹಕ್ಕುಸ್ವಾಮ್ಯದ ಸಾಲಿನಲ್ಲಿ ನಿಂಟೆಂಡೊ, ಕ್ರಿಯೇಚರ್ಸ್ ಜೊತೆಗೆ ಗೇಮ್ ಫ್ರೀಕ್ ಹೆಸರಿದೆ. ಅದೇ ಲೋಕಕ್ಕೆ ಅವರು ಕಟ್ಟುಬಿದ್ದಿದ್ದಾರೆ, ಅವಸರದಲ್ಲಿ ಆಟ ತರುತ್ತಾರೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಪಿಕಾಚುವಿನ ಮುಂದಿನ ಗತಿ ಏನೆಂದು ಚರ್ಚಿಸುವ ಮೇಜಿನ ಬಳಿ ಅವರಿಗೊಂದು ಕುರ್ಚಿಯಿದೆ. ಬಯೊನೆಟಾ ವಿಷಯದಲ್ಲಿ ಪ್ಲಾಟಿನಂಗೆ ಅದಿಲ್ಲ.

ಪ್ಲಾಟಿನಂಗೂ ಇದು ತಡವಾಗಿ ಅರ್ಥವಾಯಿತು. 2020ರ ಜನವರಿಯಲ್ಲಿ ಚೀನಾದ ಟೆನ್ಸೆಂಟ್ ಬಂಡವಾಳ ಬಂತು, ಸ್ವಾತಂತ್ರ್ಯಕ್ಕೆ ಧಕ್ಕೆಯಿಲ್ಲ ಎಂಬ ಹೇಳಿಕೆಯೂ ಬಂತು. ಫೆಬ್ರವರಿಯಲ್ಲಿ, ನಿಂಟೆಂಡೊ ಒಪ್ಪಿಗೆ ಪಡೆದು, ತಮ್ಮ ಹಳೆಯ 'ವಂಡರ್‌ಫುಲ್ 101' ಆಟವನ್ನು ತಾವೇ ಪ್ರಕಟಿಸಲು ಜನರ ಮುಂದೆ ಕೈಯೊಡ್ಡಿದರು. ಕೇಳಿದ್ದು 50,000 ಡಾಲರ್. ಬಂದದ್ದು 15 ಲಕ್ಷ ಡಾಲರಿಗೂ ಹೆಚ್ಚು. ಅದೇ ತಿಂಗಳು ಸಂಪೂರ್ಣವಾಗಿ ತಮ್ಮದೇ ಹಕ್ಕಿನ 'ಪ್ರಾಜೆಕ್ಟ್ ಜಿ.ಜಿ.' ಘೋಷಿಸಿದರು. ಅದು ಹೊರಬರಲಿಲ್ಲ. ಹೊರಬಂದದ್ದು ಸ್ಕ್ವೇರ್ ಎನಿಕ್ಸ್‌ಗಾಗಿ ಮಾಡಿದ 'ಬ್ಯಾಬಿಲೋನ್ಸ್ ಫಾಲ್'. 2022ರ ಮಾರ್ಚ್‌ನಲ್ಲಿ ಶುರುವಾದ ಈ ಆನ್‌ಲೈನ್ ಆಟದ ಸರ್ವರ್‌ಗಳು ವರ್ಷ ತುಂಬುವ ಮೊದಲೇ ಬಂದ್ ಆದವು. ಅದು ಕಳಪೆ ಆಟವೇ, ಪ್ಲಾಟಿನಂ ಪರವಾಗಿ ಅದನ್ನು ಸಮರ್ಥಿಸಲಾರೆ. ಆದರೆ ಹದಿನೈದು ವರ್ಷ ಇತರರ ಹೊಲ ಉತ್ತವರಿಗೆ ಒಂದು ಬೆಳೆ ಕೈಕೊಟ್ಟರೆ ಕಾಯಲು ಸ್ವಂತ ಕಣಜ ಇರುವುದಿಲ್ಲ.

2023ರ ಅಕ್ಟೋಬರ್‌ನಲ್ಲಿ ಕಮಿಯಾ ಪ್ಲಾಟಿನಂ ಬಿಟ್ಟರು. ಮರುವರ್ಷದ ಡಿಸೆಂಬರ್‌ನಲ್ಲಿ ಒಕಾಮಿಗೆ ಮುಂದಿನ ಭಾಗ ಬರುವುದೆಂಬ ಘೋಷಣೆಯಾಯಿತು. ನಿರ್ದೇಶನ ಕಮಿಯಾ, ಅವರ ಹೊಸ ಸ್ಟುಡಿಯೋ 'ಕ್ಲೋವರ್ಸ್'. ಪ್ರಕಾಶನ ಕ್ಯಾಪ್‌ಕಾಮ್. ಅಭಿಮಾನಿಗಳು ಕಣ್ಣೀರಿಟ್ಟರು. ನನಗೂ ಸಂತೋಷವಾಯಿತು. ಜೊತೆಗೇ ಲೆಕ್ಕವೂ ಕಣ್ಣಿಗೆ ಹೊಡೆಯಿತು: ತಾನು ಕಲ್ಪಿಸಿದ ತೋಳದ ಬಳಿ ಮರಳಲು ಒಬ್ಬ ಕಲಾವಿದನಿಗೆ ಹದಿನೆಂಟು ವರ್ಷ ಬೇಕಾಯಿತು. ಬಾಗಿಲು ತೆರೆಯಬೇಕಾದವರು ಅಂದು ಅದನ್ನು ಮುಚ್ಚಿದವರೇ. ಇದನ್ನು ಮನೆಗೆ ಮರಳಿದ ಕತೆಯೆಂದು ಬರೆಯುವ ಪತ್ರಕರ್ತರು ಮನೆ ಯಾರ ಹೆಸರಲ್ಲಿದೆ ಎಂಬುದನ್ನೂ ಬರೆಯಬೇಕಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಒಂದು, ಯಾವ ಆವೃತ್ತಿಯಲ್ಲೇ ಆಗಲಿ ಮಾಡಿದವರ ಹೆಸರು ತೆಗೆಯುವಂತಿಲ್ಲ ಎಂಬುದು ಒಪ್ಪಂದದ ಮೊದಲ ಸಾಲಾಗಬೇಕು. ಎರಡು, ಪ್ರಕಾಶಕರು ಇಷ್ಟು ವರ್ಷ ಮಾರದೆ ಬಿಟ್ಟರೆ ಹಕ್ಕು ಮಾಡಿದವರಿಗೆ ಮರಳಬೇಕು. ಪುಸ್ತಕ ಲೋಕದ ಒಪ್ಪಂದಗಳಲ್ಲಿ ಇಂಥ ಷರತ್ತು ಹೊಸದಲ್ಲ. ಮೂರನೆಯದು ನಮಗೆ, ಆಟಗಳ ಬಗ್ಗೆ ಬರೆಯುವವರಿಗೆ. 'ಸೆಗಾದ ಬಯೊನೆಟಾ', 'ಕ್ಯಾಪ್‌ಕಾಮ್‌ನ ಒಕಾಮಿ' ಎಂದು ಬರೆಯುವುದನ್ನು ಬಿಡೋಣ. ಕಾದಂಬರಿಯನ್ನು ಪ್ರಕಾಶಕರ ಹೆಸರಿನಿಂದ ನಾವು ಎಂದಾದರೂ ಕರೆದಿದ್ದೇವೆಯೇ?

ಇದು ಜಪಾನಿನ ಮಾತು, ನಮಗೇಕೆ ಎನ್ನುವವರು ಬೆಂಗಳೂರಿನ ಕಡೆ ನೋಡಲಿ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದಾಗಿನಿಂದ ಇಲ್ಲಿನ ಕಲಾವಿದರು ಹೊರದೇಶದ ಪ್ರಕಾಶಕರ ಆಟಗಳಿಗೆ ಕಾರು, ಮರ, ಬೀದಿಗಳನ್ನು ಕಟ್ಟಿಕೊಡುತ್ತ ಬಂದಿದ್ದಾರೆ. ಈ ಬರಹ ಓದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಆ ಕೆಲಸಕ್ಕೆ ಸೇರುತ್ತೀರಿ. ಸೇರುವ ದಿನ ಸಂಬಳದ ಜೊತೆ ಇನ್ನೆರಡು ಪ್ರಶ್ನೆ ಕೇಳಿ: ಆಟದ ಕೊನೆಯಲ್ಲಿ ನನ್ನ ಹೆಸರು ಬರುತ್ತದೆಯೇ? ಬಂದರೆ, ಅದನ್ನು ತೆಗೆಯುವ ಅಧಿಕಾರ ಯಾರಿಗಿದೆ? ಉತ್ತರವನ್ನು ಬರಹದಲ್ಲಿ ಪಡೆಯಿರಿ.