ಸತ್ತವ ವೀರ, ಉಳದಾಕಿ ಅಪಶಕುನ?

ಅಕ್ಕಾರ, ವೈನಿಗೋಳ್ರ, ಚಿಗವ್ವಗೋಳ್ರ, ಈ ಸಲ ಅಡಗಿ ಮಾತಿಲ್ಲ, ಜಗಳದ ಮಾತು ಐತಿ. ಯಾರಿಗರ ಸಿಟ್ಟು ಬಂದ್ರ ಸಂಜೀಕ ಚಾಕ್ಕ ಬರ್ರಿ, ಕುಂತು ಜಗಳಾಡೋಣು.

ಮೊನ್ನೆ ನಮ್ಮ ಮೈದುನನ ಮಗನ ಹೊಸಾ ಮನಿ ವಾಸ್ತುಶಾಂತಿ ಇತ್ತು. ಪಡಸಾಲಿ ಗ್ವಾಡಿ ತುಂಬ ಒಂದು ಫೋಟೋ ಹಾಕ್ಯಾರ. ನಮ್ಮ ದೊಡ್ಡಜ್ಜ, ಲಷ್ಕರಿ ಅಂಗಿ ಹಾಕ್ಕೊಂಡು ಕುರ್ಚಿ ಮ್ಯಾಲ ಕುಂತಾರ. ಹಿಂದ ತಿರಂಗಾ ಝೇಂಡಾ, ಬಾಜೂಕ ಒಂದು ಟ್ಯಾಂಕು. ಕೆಳಗ ಬಂಗಾರದ ಅಕ್ಷರದಾಗ ‘ನಮ್ಮ ಮನೆತನದ ವೀರಯೋಧ’. ಬಂದವ್ರೆಲ್ಲಾ ಕೈ ಮುಗದ್ರು, ನಾನೂ ಮುಗದೆ. ಆಮ್ಯಾಲ ಕುರ್ಚಿ ಬೆನ್ನಿನ ಕಡೆ ಕಣ್ಣು ಹೋತು. ಅಲ್ಲಿ ನಾಕು ಬೆರಳು ಅದಾವು! ಕಂಪ್ಯೂಟರಿನ್ಯಾಗ ಫೋಟೋ ತಿದ್ದಿದಾಂವ ಅಳಿಸೂದು ಮರತಾನ.

ಆ ಬೆರಳು ನಮ್ಮ ದೊಡ್ಡಾಯಿದು.

ಮೂಲ ಫೋಟೋ ನನ್ನ ಕಪಾಟಿನ್ಯಾಗ ಐತಿ. 1942ರಾಗ ಬೆಳಗಾವ್ಯಾಗ ತೆಗಿಸಿದ್ದು. ದೊಡ್ಡಜ್ಜ ಕುಂತಾರ, ಹದಿನಾರು ವರ್ಷದ ದೊಡ್ಡಾಯಿ ಕುರ್ಚಿ ಹಿಡಕೊಂಡು ನಿಂತಾಳ. ಮೈಮ್ಯಾಲಿನ ಇಳಕಲ್ ಸೀರಿ ಆಕಿ ನೆಗೆಣ್ಣಿದು, ಆಕಿ ತನ್ನದಂಥಾ ಛಲೋ ಸೀರಿ ಇರಲಿಲ್ಲಂತ. ಹಡಗ ಹತ್ತಿ ಹೋಗಾಂವ ತಿರುಗಿ ಬರ್ತಾನೋ ಇಲ್ಲೋ, ಒಂದು ನೆಪ್ಪಿರಲಿ ಅಂತ ತೆಗಿಸಿದ ಫೋಟೋ ಅದು. ಎರಡನೇ ಮಹಾಯುದ್ಧದಾಗ ಹಿಂದೂಸ್ತಾನದ ದಂಡಿನ್ಯಾಗ 25 ಲಕ್ಷ ಜನ ಇದ್ರು. ಇಂಥಾ ಫೋಟೋ ಎಷ್ಟು ಮನಿ ಟ್ರಂಕಿನ್ಯಾಗ ಇದ್ದಾವು, ನೀವ ಲೆಕ್ಕಾ ಹಾಕ್ರಿ.

ಈಗ ಆ ದೊಡ್ಡ ಫೋಟೋದಾಗಿನ ಸುಳ್ಳು ಒಂದೊಂದಾಗಿ ಹೇಳ್ತೀನಿ.

ಮೊದಲನೇದು ಝೇಂಡಾ. ನಮ್ಮ ತಿರಂಗಾ ರಾಷ್ಟ್ರಧ್ವಜ ಅಂತ ಠರಾವ ಆಗಿದ್ದು 1947ರ ಜುಲೈ 22ಕ್ಕ. ದೊಡ್ಡಜ್ಜ ತೀರಿಕೊಂಡಿದ್ದು 1943ರಾಗ, ಬ್ರಿಟಿಷರ ದಂಡಿನ್ಯಾಗ. ಅವ್ರು ಭರ್ತಿ ಆದ ವರ್ಷನ ಚಲೇಜಾವ್ ಅಂತ ಕೂಗಿ ಜನ ಜೇಲಿಗೆ ಹೋಗಾಕತ್ತಿದ್ರು. ಇವ್ರು ಹೋಗಿದ್ದು ದೇಶಸೇವಾಕ್ಕಲ್ಲ, ಹೊಲದ ಮ್ಯಾಲಿನ ಸಾಲಕ್ಕ. ತಿಂಗಳಾ ಪಗಾರ ಬರ್ತೈತಿ ಅಂತ. ಇದನ್ನ ಹೇಳಾಕ ನಮಗ್ಯಾಕ ನಾಚಿಕಿ? ಮನಿ ಹೊಟ್ಟಿ ಸಲುವಾಗಿ ಹೋದಾಂವ ಸಣ್ಣ ಮನಷ್ಯಾ ಏನು?

ಎರಡನೇದು ಟ್ಯಾಂಕು. ದೊಡ್ಡಜ್ಜ ಟ್ಯಾಂಕು ಹೊಡದಾವ್ರಲ್ಲ, ಹೇಸರಗತ್ತಿ ಹೊಡದಾವ್ರು. ಇಟಲಿ ಅಂದ್ರ ಗುಡ್ಡ, ಮಳಿ, ಮೊಳಕಾಲುದ್ದ ರಾಡಿ. ಲಾರಿ ಏರಲಾರದ ಕಡೆ ನಮ್ಮ ಹಿಂದೂಸ್ತಾನಿ ಹೇಸರಗತ್ತಿ ಕಂಪನಿಗೋಳು ಕತ್ತಲದಾಗ ಊಟ, ನೀರು, ಗುಂಡು ಹೊತ್ತು ಮ್ಯಾಲ ಮುಟ್ಟಿಸ್ತಿದ್ವು. ಜನಾವಾರದ ಮ್ಯಾಲ ದೊಡ್ಡಜ್ಜನಿಗೆ ಜೀವ ಇತ್ತಂತ, ಕಾಗದದಾಗ ಹೆಂಡ್ತಿಗಿಂತ ಕತ್ತಿ ಸುದ್ದೀನ ಹೆಚ್ಚು ಬರಸ್ತಿದ್ರಂತ. ದೊಡ್ಡಾಯಿ ಇದನ್ನ ನಕ್ಕೋತ ಹೇಳ್ತಿದ್ಲು. ಇಂಥಾ ಖರೇ ಮನಷ್ಯಾನ್ನ ಬಿಟ್ಟು ಸಿನಿಮಾದ ವೀರನ್ನ ಯಾಕ ನೇತು ಹಾಕಿದ್ರಿ?

ಮೂರನೇದು ಸುಳ್ಳಲ್ಲ, ಪಾಪ. ದೊಡ್ಡಾಯಿನ್ನ ಯಾಕ ಕತ್ತರಿಸಿದ್ರಿ ಅಂತ ನಾ ಕೇಳಿದ್ದಕ್ಕ ನನ್ನ ನೆಗೆಣ್ಣಿ ಏನಂದ್ಲು ಗೊತ್ತೇನು? ‘ಅಕ್ಕಾ, ಹೊಸಾ ಮನಿ, ಶುಭಕಾರ್ಯ. ವಿಧವಿ ಫೋಟೋ ಎದುರಿಗಿದ್ರ ಛಂದ ಇರೂದಿಲ್ಲ.’

ನೋಡ್ರವ್ವಾ ಈ ನ್ಯಾಯಾ. ಸತ್ತಾಂವ ವೀರ, ಉಳದಾಕಿ ಅಪಶಕುನ! ಸತ್ತಾಂವನ ಫೋಟೋಕ್ಕ ಹೂವಿನ ಹಾರ, ಆತನ ಸಾವು ಐವತ್ತು ಅರವತ್ತು ವರ್ಷ ಹೊತ್ತಾಕಿಗೆ ಕತ್ರಿ. ಅದೂ ಆ ಫೋಟೋದಾಗ ಆಕಿ ಮುತ್ತೈದಿ! ಹಣಿ ತುಂಬ ಕುಂಕುಮ, ಕೈತುಂಬ ಬಳಿ, ಬಾಜೂಕ ಜೀವಂತ ಗಂಡ. ಆಕಿ ಮುತ್ತೈದಿ ಇದ್ದ ಫೋಟೋ ಜಗತ್ತಿನ್ಯಾಗ ಅದೊಂದ. ಅದರಾಗೂ ಆಕಿನ್ನ ವಿಧವಿ ಮಾಡಿದ್ರಿ.

ತಾರು ಬಂದಾಗ ಆಕಿಗೆ ಹದಿನೇಳು. ತವರಿಗೆ ಹೋಗಲಿಲ್ಲ, ಇಲ್ಲೇ ಉಳದ್ಲು. ಆಕಿ ಹೆಬ್ಬೆಟ್ಟೊತ್ತಿ ತರ್ತಿದ್ದ ಪಿಂಚಣಿ ರೊಕ್ಕದಾಗ ನಮ್ಮ ಮಾವನವ್ರ ಸಾಲಿ ಆತು. ಮಾವನವ್ರಿಗೆ ನೌಕರಿ ಸಿಕ್ಕಿದ್ದಕ್ಕ ಜಾಗಾ ಆತು. ಆ ಜಾಗಾ ಮ್ಯಾಲ ಈಗ ಹೊಸಾ ಮನಿ. ಯಾವ ಗ್ವಾಡಿಗೆ ಆಕಿ ರೊಕ್ಕ ಬುನಾದಿ ಆತೋ ಆ ಗ್ವಾಡಿ ಮ್ಯಾಲ ಆಕಿಗೆ ಜಾಗಾ ಇಲ್ಲ.

ಬರೇ ನೆಗೆಣ್ಣಿನ್ನ ಬಯ್ಯಾಕತ್ತಿಲ್ಲ, ನನ್ನ ತಪ್ಪೂ ಹೇಳ್ತೀನಿ. ಎರಡೂ ಮಹಾಯುದ್ಧದಾಗ ಸತ್ತ 17 ಲಕ್ಷ ಜನರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅನ್ನೋರು ಇಟ್ಟಾರ. ಇಂಟರ್ನೆಟ್ಟಿನ್ಯಾಗ ಪುಕ್ಕಟ ನೋಡಬಹುದು. ಇಟಲಿಯ ಸಾಂಗ್ರೋ ನದಿ ಹಂತ್ಯಾಕ, ದಹನ ಮಾಡಿದ ನಮ್ಮ ಸಿಪಾಯಿಗೋಳ ಹೆಸರು ಕೆತ್ತಿದ ಸ್ಮಾರಕ ಐತಿ, 500ಕ್ಕಿಂತ ಹೆಚ್ಚು ಹೆಸರು. ನನ್ನ ಮಗಳು ಹುಡುಕಿ ದೊಡ್ಡಜ್ಜನ ಹೆಸರು ತೋರಿಸಿದ್ಲು. ಅದರ ಮುಂದ ಇಂಗ್ಲೀಷಿನ್ಯಾಗ ಇಂಥಾವ್ರ ಮಗ, ಇಂಥಾಕಿ ಗಂಡ, ಇಂಥಾ ಊರು ಅಂತ ಬರದಾರ. ಇಂಥಾಕಿ ಗಂಡ! ಅಲ್ಲಿ ನಾ ದೊಡ್ಡಾಯಿ ಹೆಸರು ಮೊದಲನೇ ಸಲ ಓದಿದೆ. ಹದಿಮೂರು ವರ್ಷ ಆಕಿ ಕೈಯಾಗಿನ ರೊಟ್ಟಿ ತಿಂದಾಕಿ ನಾನು, ಒಂದಿನಾನೂ ‘ಆಯಿ, ನಿಮ್ಮ ಹೆಸರೇನು’ ಅಂತ ಕೇಳಿರಲಿಲ್ಲ. ಬಿಳೇ ಸರಕಾರದ ಕಾರಕೂನ ಕೇಳಿ ಬರಕೊಂಡ, ಮನಿ ಸೊಸಿ ಕೇಳಲಿಲ್ಲ.

ಮದಿವ್ಯಾಗ ನಮಗ ಒಡಪು ಕಲಿಸಿ ಗಂಡನ ಹೆಸರು ಎಲ್ಲಾರ ಮುಂದ ಹೇಳಸ್ತಾರ. ನಮ್ಮ ಹೆಸರು ಮಾತ್ರ ಅಕ್ಕಿ ತಾಟಿನ್ಯಾಗ ಬದಲಾಗಿ ಹೋಗ್ತೈತಿ. ಇದರ ಫಲಾ ಇದು, ಎರಡು ತಲಿ ಆದ ಮ್ಯಾಲ ಯಾರ ಹೆಸರು ಉಳೀತೈತಿ, ಯಾರದು ಅಳೀತೈತಿ ನೋಡ್ರಿ.

ಅದಕ್ಕ ಈ ಐತವಾರ ನಿಮ್ಮ ಟ್ರಂಕು ತಗೀರಿ. ಮನ್ಯಾಗಿನ ಹಿರ್ಯಾಕಿನ್ನ ಬಾಜೂಕ ಕುಂಡ್ರಿಸ್ಕೊಂಡು ಒಂದೊಂದು ಫೋಟೋ ತೋರಿಸಿ ಕೇಳ್ರಿ. ಹಿಂದಿನ ಕಡೆ ಮೆತ್ತನ್ನ ಪೆನ್ಸಿಲಿಲೆ ಹಗೂರಕ ಬರೀರಿ: ಯಾರು, ಯಾವ ಊರು, ಯಾವ ವರ್ಷ, ಹೇಳಿದಾಕಿ ಯಾರು. ಹೆಣ್ಣುಮಕ್ಕಳದು ತವರಿನ ಹೆಸರೂ ಬರೀರಿ, ಗಂಡನ ಮನಿ ಹೆಸರೂ ಬರೀರಿ. ಬಾಲ್‌ಪೆನ್ನು ಬ್ಯಾಡ, ಶಾಯಿ ಮುಂದ ಹಾಯತೈತಿ. ಅಂಟಿಸಿದ ರಟ್ಟು ಕಿತ್ತಬ್ಯಾಡ್ರಿ, ಸ್ಟುಡಿಯೋದ ಶಿಕ್ಕಾ ಅದರ ಮ್ಯಾಲನ ಇರ್ತೈತಿ. ಲ್ಯಾಮಿನೇಶನ್ ಮಾಡಿಸಬ್ಯಾಡ್ರಿ. ಮೊಬೈಲಿನ್ಯಾಗ ಫೋಟೋ ಹೊಡಕೊಳ್ಳೂದಾದ್ರ ಎರಡೂ ಮಗ್ಗಲು ಹೊಡಕೋರಿ. ದೊಡ್ಡದು ಮಾಡಿಸೂದಾದ್ರ ಇದ್ದಷ್ಟು ಮಂದೀನೂ ಇರಲಿ.

ನನ್ನ ನೆಗೆಣ್ಣಿಗೆ ಒಂದು ಮಾತು. ತಂಗಿ, ನಾಗರಪಂಚಮಿಗೆ ಉಂಡಿ ಕಟ್ಟಿಕೊಂಡು ಬರ್ತೀನಿ. ಇಡೀ ಫೋಟೋಕ್ಕ ಚೌಕಟ್ಟು ಹಾಕಿಸಿ ತರ್ತೀನಿ, ಇಬ್ಬರೂ ಇದ್ದದ್ದು. ಮೊಳಿ ನೀ ಹೊಡದಿಟ್ಟಿರು.