ಅವ್ವನ ಹಚ್ಚೆ, ಜಪಾನಿನ ಬಿಸಿನೀರು

ಪೋಸ್ಟ್ ಸ್ವಲ್ಪ ಉದ್ದ ಆಗ್ತದ, ಆದರೂ ಪೂರ್ತಿ ಓದಿ.

ನಾನು ಜಪಾನ್‌ಗೆ ಹೊಂಟೀನಿ ಅಂತ ಹಾನಗಲ್ಲಿನಿಂದ ಹಿರೇಕೆರೂರು ತನಕ ಸುದ್ದಿ ಆಗಿದೆ. ಸುದ್ದಿ ಖರೆ. ಅದು ಸಮ್ಮೇಳನಕ್ಕೂ ಅಲ್ಲ, ತರಬೇತಿಗೂ ಅಲ್ಲ. ಅವ್ವನನ್ನೂ ಅಕ್ಕನನ್ನೂ ಕರ್ಕೊಂಡು ಒಂದು ಬಿಸಿನೀರಿನ ಊರಿನಲ್ಲಿ ಎರಡು ರಾತ್ರಿ ಇದ್ದು, ಜಳಕ ಮಾಡಿ ಬರೋದಕ್ಕೆ.

ಇದಕ್ಕೆ ಎರಡು ಪ್ರಶ್ನೆ ಬಂದವು. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರು ನಗುತ್ತಾ ಕೇಳಿದರು, "ಯಾವ ಸ್ಕೀಮಿನ್ಯಾಗ ಕಳಸಾಕತ್ತಾರ್ರೀ?" ಇನ್ನೊಂದು ನಮ್ಮ ಹುಡುಗನೊಬ್ಬನದು, "ಅಣ್ಣಾ, ಕೇರಿ ನಳದಾಗ ನೀರು ಬರವಲ್ದು, ನೀವು ಜಪಾನಿಗೆ ಜಳಕಕ್ಕ ಹೋಗೋದು ಸರಿ ಏನು?"

ಮೊದಲನೆಯವರಿಗೆ ಉತ್ತರ ಸಣ್ಣದು. ಪೋಸ್ಟ್ ಆಫೀಸಿನಲ್ಲಿ ಐದು ವರ್ಷ ಆರ್‌ಡಿ ಕಟ್ಟಿದ ರೊಕ್ಕ ಅದು. ನೀವು ಗೋವಾಕ್ಕೆ, ಊಟಿಗೆ ಹೋದಾಗ ಯಾವ ಸ್ಕೀಮ್ ಅಂತ ನಾನು ಕೇಳಿಲ್ಲ. ಎರಡನೆಯವನಿಗೆ ಉತ್ತರ ಕೊಡೋದಕ್ಕೇ ಇಷ್ಟೆಲ್ಲ ಬರೀತಿದೀನಿ.

ಶಿಗ್ಗಾಂವಿಯಲ್ಲಿರುವ ಅಕ್ಕನ ಮಗ ಐಟಿಐ ಮುಗಿಸಿ, ಜಪಾನಿ ಭಾಷೆ ಕಲಿತು, ಎರಡು ವರ್ಷದಿಂದ ಒಸಾಕಾ ಹತ್ತಿರ ಫ್ಯಾಕ್ಟರಿ ಕೆಲಸ ಮಾಡ್ತಾನೆ. "ಮಾಮಾ, ಆಯಿನ್ನ ಕರ್ಕೊಂಡು ಬರ್ರಿ, ಕಿನೊಸಾಕಿ ತೋರಸ್ತೀನಿ" ಅಂದ. ಒಸಾಕಾದಿಂದ ರೈಲಿನಲ್ಲಿ ಮೂರು ತಾಸಿನೊಳಗೆ ಸಿಗುವ ಸಣ್ಣ ಊರು. ನಡುವೆ ಒಂದು ಹಳ್ಳ, ದಂಡೆಗೆ ಗಿಡಗಳ ಸಾಲು, ಏಳು ಸಾರ್ವಜನಿಕ ಸ್ನಾನದ ಮನೆ. ವಸತಿಗೃಹದವರು ಕೊಡುವ ಹತ್ತಿಯ ನಿಲುವಂಗಿ ಉಟ್ಟು, ಕಟ್ಟಿಗೆ ಚಪ್ಪಲಿ ಮೆಟ್ಟಿ, ಮಂದಿ ಒಂದು ಮನೆಯಿಂದ ಇನ್ನೊಂದಕ್ಕೆ ಓಡಾಡ್ತಾರಂತೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಮೊದಲು ಸಣ್ಣ ಸ್ಟೂಲ್ ಮೇಲೆ ಕುಂತು ಸಾಬೂನು ಹಚ್ಚಿ ಮೈ ತಿಕ್ಕಿ ತೊಳೀಬೇಕು, ಆಮೇಲೆ ಮೈಮೇಲೆ ಒಂದೂ ಬಟ್ಟೆ ಇಲ್ಲದೆ ಎಲ್ಲರೂ ಒಂದೇ ಹೊಂಡದ ಬಿಸಿನೀರಿಗೆ ಇಳೀಬೇಕು.

ಊರು ಆರಿಸಿದ್ದು ಅವ್ವನ ಹಚ್ಚೆ ನೋಡಿ. ನಿಮ್ಮ ಮನೆ ಮುದುಕಿಯರಿಗೆ ಇರುವ ಹಾಗೆ ನಮ್ಮವ್ವನ ಎರಡೂ ಕೈಮೇಲೆ ಹಚ್ಚೆ ಇದೆ. ಜಪಾನಿನ ಬಹಳಷ್ಟು ಬಿಸಿನೀರಿನ ಮನೆಗಳಲ್ಲಿ ಹಚ್ಚೆ ಇದ್ದವರನ್ನು ಒಳಗೆ ಬಿಡೋದಿಲ್ಲ, ಅಲ್ಲಿ ಅದು ರೌಡಿ ಗ್ಯಾಂಗುಗಳ ಗುರುತು. 2013ರಲ್ಲಿ ನ್ಯೂಜಿಲೆಂಡಿನ ಒಬ್ಬ ಮಾವೋರಿ ಹೆಣ್ಣುಮಗಳನ್ನು ಮುಖದ ಹಚ್ಚೆ ನೋಡಿ ವಾಪಸ್ ಕಳಿಸಿದ್ದರು. ಅದು ಅವರ ಕುಲದ ಪದ್ಧತಿಯ ಹಚ್ಚೆ. ಕಿನೊಸಾಕಿಯ ಏಳೂ ಮನೆಗಳಲ್ಲಿ ಈ ತಡೆ ಇಲ್ಲ.

ಇಷ್ಟೆಲ್ಲ ಹೇಳಿದಾಗ ಅವ್ವ ಕೇಳಿದ್ದು ಎರಡೇ ಮಾತು. "ಸೀರಿ ಬಿಚ್ಚಿ ಇಳೀಬೇಕೇನೋ ಯಪ್ಪಾ?" ಆಮೇಲೆ, ದನಿ ಸಣ್ಣ ಮಾಡಿ, "ನಾವು ಇಳಿದ ಮ್ಯಾಲ ಆ ನೀರು ಚೆಲ್ತಾರೇನು?"

ಮಹಾಡದಲ್ಲಿ 1927ರಲ್ಲಿ ಬಾಬಾಸಾಹೇಬರು ಚವದಾರ್ ಕೆರೆ ನೀರು ಕುಡಿದ ಮೇಲೆ ಸವರ್ಣರು ಆ ಕೆರೆಯನ್ನು ಸೆಗಣಿ, ಗಂಜಲ ಸುರಿದು 'ಶುದ್ಧ' ಮಾಡಿದ್ದರು. ಈ ಚರಿತ್ರೆ ಅವ್ವ ಓದಿಲ್ಲ. ಆಕೆಗೆ ಗೊತ್ತಿರೋದು ಆಕೆಯ ಬದುಕು. ಹಿರೇಕೆರೂರು ತಾಲ್ಲೂಕಿನ ತವರೂರಿನಲ್ಲಿ ಕಟ್ಟಿಗೆ ಹೊರೆ ಹೊತ್ತು ದೊಡ್ಡವರ ಹಿತ್ತಲಿಗೆ ಹಾಕುತ್ತಿದ್ದಳು. ಕಟ್ಟಿಗೆ ಅವರ ಬಚ್ಚಲ ಒಲೆಗೆ, ಹಂಡೆ ನೀರು ಅವರ ಮೈಗೆ. ಈಕೆಗೆ ಸೆರಗಿನಲ್ಲಿ ಮೇಲಿಂದ ಹಾಕಿದ ಜೋಳ. ಹಂಡೆ ತುಂಬ ಬಿಸಿನೀರು ತನ್ನ ಮೈಮೇಲೆ ಬಿದ್ದದ್ದು ಬಾಣಂತನದಾಗ ಅಷ್ಟೇ ಅಂತಾಳೆ.

ನನ್ನದೂ ಒಂದಿದೆ. ಒಂಬತ್ತು ವರ್ಷದವನಿದ್ದಾಗ ನಮ್ಮೂರ ಕೆರೆಗೆ ಎಲ್ಲರೂ ಇಳಿಯುವ ಮೆಟ್ಟಿಲಿನಿಂದ ಜಿಗಿದೆ. ನಮಗೆ ದನ ಮೈ ತೊಳೆಯುವ ಕಡೆ ಬೇರೆ ಜಾಗ ಇತ್ತು. ಮೇಲೆ ಬಂದಾಗ ದಂಡೆ ಮೇಲಿಟ್ಟ ಅಂಗಿ, ಚಡ್ಡಿ ಇರಲಿಲ್ಲ. ನಗೋ ಮಂದಿ ನಡುವೆ ಬರಿಮೈಯಲ್ಲಿ ಕೇರಿ ತನಕ ನಡೆದೆ. ಇವತ್ತಿಗೂ ನಾಲ್ಕು ಜನರೆದುರು ಅಂಗಿ ತೆಗೆಯಲು ನನಗೆ ಆಗೋದಿಲ್ಲ. ಅವ್ವನಿಗೆ ಧೈರ್ಯ ಹೇಳ್ತಿದೀನಿ, ಖರೆ ಹೇಳಬೇಕಂದ್ರ ಆ ನೀರಿಗೆ ಇಳಿಯಲು ನನಗೇ ಹೆದರಿಕೆ ಇದೆ.

ಪ್ರವಾಸ ನಮ್ಮಂಥವರಿಗೆ ಯಾವತ್ತೂ ಬರೀ ಪ್ರವಾಸ ಆಗಿರಲಿಲ್ಲ. ಬಾಬಾಸಾಹೇಬರು 1934ರಲ್ಲಿ ಕಾರ್ಯಕರ್ತರ ಜೊತೆ ಎಲ್ಲೋರಾ ನೋಡಲು ಹೊರಟು, ದಾರಿಯಲ್ಲಿ ದೌಲತಾಬಾದ್ ಕೋಟೆಗೆ ಹೋದರು. ಧೂಳು ಹಿಡಿದಿತ್ತು ಅಂತ ಕೋಟೆ ಬಾಗಿಲ ಹತ್ತಿರದ ಹೊಂಡದಲ್ಲಿ ಕೈಕಾಲು ಮುಖ ತೊಳೆದರು. ಹೊಂಡ ಮೈಲಿಗೆ ಆಯಿತು ಅಂತ ಗದ್ದಲ ಎದ್ದಿತು. ಕಡೆಗೆ ಒಳಗೆ ಎಲ್ಲೂ ನೀರು ಮುಟ್ಟಬಾರದು ಅಂತ ಕರಾರು ಹಾಕಿ, ಬಂದೂಕಿನ ಸಿಪಾಯಿಯನ್ನು ಕಾವಲಿಗೆ ಜೊತೆ ಕಳಿಸಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಆ ಬರಹದ ಹೆಸರು 'ವೇಟಿಂಗ್ ಫಾರ್ ಎ ವೀಸಾ'.

ಹಾಗಂತ ಜಪಾನ್ ಸ್ವರ್ಗ ಅಂತ ತಿಳೀಬೇಡಿ. ಅಲ್ಲೂ ನಮ್ಮಂಥವರಿದ್ದಾರೆ, ಬುರಾಕು ಜನ. ಸತ್ತ ದನ ಸುಲಿಯೋದು, ಚರ್ಮ ಹದ ಮಾಡೋದು, ಹೆಣದ ಕೆಲಸ ಅವರ ಪಾಲಿಗೆ. 1871ರಲ್ಲಿ ಸರ್ಕಾರ ಆ ಕೀಳು ದರ್ಜೆ ರದ್ದು ಮಾಡಿತು. ಕಾಗದದ ಮೇಲೆ ಹೋದದ್ದು ಸ್ನಾನದ ಮನೆಯ ಬಾಗಿಲಲ್ಲಿ ಹೋಗಲಿಲ್ಲ, ಅಲ್ಲಿ ಅವರನ್ನು ತಡೆದರು. 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಅವರು ತಮ್ಮದೇ ಸಂಘಟನೆ ಕಟ್ಟಿದರು, ಸುಯ್‌ಹೇಯ್‌ಶಾ. ಆ ಹೆಸರಿನ ಮೊದಲ ಅಕ್ಷರವೇ ನೀರು. ನೀರು ಹೇಗೆ ಸಮನಾಗಿ ನಿಲ್ಲುತ್ತದೋ ಹಾಗೆ ಮನುಷ್ಯರೂ ಅನ್ನೋದು ಅದರ ಅರ್ಥ. 1999ರಲ್ಲೂ ಒಟಾರು ಅನ್ನೋ ಊರಿನ ಬಿಸಿನೀರಿನ ಮನೆಯಲ್ಲಿ 'ಜಪಾನಿಯರಿಗೆ ಮಾತ್ರ' ಅಂತ ಬೋರ್ಡ್ ಇತ್ತು. ಮೂರು ಜನ ಕೋರ್ಟಿಗೆ ಹೋದರು. 2002ರಲ್ಲಿ ತಲಾ 10 ಲಕ್ಷ ಯೆನ್ ಪರಿಹಾರದ ತೀರ್ಪಾಯಿತು. ಬಾಗಿಲು ತಾನಾಗೇ ಎಲ್ಲೂ ತೆರೆದಿಲ್ಲ.

ಈಗ ನಮ್ಮ ಹುಡುಗನ ಪ್ರಶ್ನೆ. ತಮ್ಮಾ, 2010ರ ಜುಲೈ ನೆನಪು ಮಾಡಿಕೋ. ಸವಣೂರು ಪುರಸಭೆ ಮುಂದೆ ಭಂಗಿ ಸಮುದಾಯದವರು, ನಮ್ಮನ್ನು ಮನೆ ಬಿಡಿಸಬೇಡಿ ಅಂತ ಮೈಮೇಲೆ ಮಲ ಸುರಿದುಕೊಂಡರು. ಊರಿನ ಹೊಲಸು ಹೊತ್ತವರ ಮಾತು ಊರು ಕೇಳಿಸಿಕೊಳ್ಳಲು ಅಷ್ಟು ಮಾಡಬೇಕಾಯಿತು. ಹೊಲಸು ನಮ್ಮದು, ಬಿಸಿನೀರು ಅವರದು ಅನ್ನೋ ಲೆಕ್ಕ ಎಷ್ಟು ಹಳೇದು ನೋಡು. ಆ ಲೆಕ್ಕ ನಮ್ಮ ತಲೆಯೊಳಗೂ ಕುಂತಿದೆ. ಅದಕ್ಕೇ ದಲಿತ ಹೋರಾಟಗಾರ ಜೇಲಿಗೆ ಹೋದರೆ ನಿನಗೆ ಸರಿ ಅನಿಸ್ತದ, ಸುಖಕ್ಕೆ ಹೋದರೆ ತಪ್ಪು ಅನಿಸ್ತದ. ನಳದ ನೀರಿಗೆ ಬಡಿದಾಡೋದೂ ಬಿಸಿನೀರಿಗೆ ಆಸೆಪಡೋದೂ ಒಂದೇ ಹಕ್ಕಿನ ಮಾತು. ಬರೀ ಕಷ್ಟವನ್ನೇ ಹಕ್ಕು ಅಂತ ಕೇಳೋದಕ್ಕೆ ಬಾಬಾಸಾಹೇಬರು ಹೇಳಿಲ್ಲ.

ತಯಾರಿ ಎಲ್ಲಿಗೆ ಬಂತು ಅಂದ್ರ: ಪಾಸ್‌ಪೋರ್ಟಿಗೆ ಮೂವರದೂ ಹುಬ್ಬಳ್ಳಿಯಲ್ಲಿ ಆಗಬೇಕು, ತಲಾ 1,500 ರೂಪಾಯಿ ಹಿಡಿದಿದೀನಿ. ಅವ್ವನ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1, ನಮ್ಮ ಕೇರಿಯ ಅರ್ಧ ಮುದುಕರದೂ ಅದೇ. ನನ್ನ ಮೇಲಿದ್ದ ಹೋರಾಟದ ಹಳೇ ಕೇಸ್ ಖುಲಾಸೆ ಆದ ಆದೇಶದ ನಕಲು ತೆಗೆಸಬೇಕು, ಇಲ್ಲಾಂದ್ರ ಪೊಲೀಸ್ ಪರಿಶೀಲನೆಯಲ್ಲಿ ಸಿಕ್ಕಿಕೊಳ್ತದ. ಇಲಾಖೆ ಅನುಮತಿಗೆ ಅರ್ಜಿ ಕೊಟ್ಟಿದೀನಿ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳ್ತದ, ಅವ್ವನಿಗೆ ಆಗೋದಿಲ್ಲ. ಏಪ್ರಿಲ್ 14 ಜಯಂತಿ ಬಿಟ್ಟು ನಾನು ಎಲ್ಲೂ ಹೋಗೋನಲ್ಲ. ಏಪ್ರಿಲ್ 29ರಿಂದ ಅವರಿಗೆ ಸಾಲು ರಜೆ, ಗದ್ದಲ. ಹಾಗಾಗಿ ನಡುವಿನ ವಾರ.

ನಮ್ಮ ನಾಲ್ಕೂ ತಾಲ್ಲೂಕಿನ ಗೆಳೆಯರಿಗೆ ಒಂದು ಕೆಲಸ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪಟ್ಟಣಗಳಲ್ಲಿ ಪೌರಕಾರ್ಮಿಕರು ಪಾಳಿ ಮುಗಿಸಿ ಮನೆಗೆ ಹೋಗುವ ಮೊದಲು ಬಿಸಿನೀರಿನ ಜಳಕಕ್ಕೆ ಬಚ್ಚಲು ಇದೆಯಾ? ಹೆಂಗಸರಿಗೆ ಬೇರೆ ಇದೆಯಾ? ಇದ್ದರೆ ಫೋಟೋ ಹಾಕಿ, ಹೊಗಳೋಣ. ಇಲ್ಲದಿದ್ದರೆ ಹೇಳಿ, ಅರ್ಜಿ ನಾನೇ ಟೈಪ್ ಮಾಡ್ತೀನಿ. ನಾನು ಹೊರಡೋದರೊಳಗೆ ನಾಲ್ಕೂ ಕಡೆ ಕೊಟ್ಟಿರೋಣ.

ಅವ್ವ ನಿನ್ನೆ ರಾತ್ರಿ ಅರ್ಧ ಒಪ್ಪಿದಳು. "ಅಕ್ಕ ಮೊದಲ ಇಳೀಲಿ. ಯಾರೂ ಎದ್ದು ಹೋಗಲಿಲ್ಲಂದ್ರ ನಾನೂ ಇಳೀತೀನಿ."

ಜೈ ಭೀಮ್.